ಅವಳಿ ಸಸಿಯನ್ನು ಕೀಳುವ ಮುನ್ನ

ಮುಂಗಾರು ಹಿಡಿದ ಮೇಲೆ ನಾಲ್ಕು ಹೂವಿನ ಬೀಜ ಬಿತ್ತದ ಮನೆ ಕಡಿಮೆ. ಅಂಗಳವಿದ್ದವರು ಮಡಿ ಮಾಡುತ್ತಾರೆ, ಇಲ್ಲದವರು ತಾರಸಿಯ ಮೇಲೆ ತಟ್ಟೆ, ಹಳೆಯ ಡಬ್ಬ, ಕುಂಡ ಹೊಂದಿಸಿಕೊಳ್ಳುತ್ತಾರೆ. ಜಿನಿಯಾ, ಕಾಸ್ಮಾಸ್, ಚೆಂಡುಹೂ, ಗೌರಿಹೂ ಒಂದು ವಾರದ ಆಚೀಚೆ ಮೊಳೆತು ಒತ್ತೊತ್ತಾಗಿ ನಿಲ್ಲುತ್ತವೆ. ಆಗ ಕೆಲವನ್ನು ಕಿತ್ತು ಉಳಿದವಕ್ಕೆ ಜಾಗ ಮಾಡಿಕೊಡಬೇಕು. ಕೀಳುವಾಗ ಕೈ ಮೊದಲು ಹೋಗುವುದು ವಿಕಾರವಾಗಿ ಕಂಡದ್ದರ ಕಡೆಗೆ. ಒಂದೇ ಬುಡದಿಂದ ಎರಡು ತಲೆ ಎತ್ತಿದ್ದು, ಎರಡರ ಬದಲು ಮೂರು ಎಲೆ ಬಿಚ್ಚಿದ್ದು, ಎಲೆಗಳು ಅಂಟಿಕೊಂಡು ಬಟ್ಟಲಿನಂತೆ ನಿಂತದ್ದು, ಇವೆಲ್ಲ ‘ಬೀಜ ಕೆಟ್ಟಿರಬೇಕು’ ಎಂಬ ತೀರ್ಪಿನೊಂದಿಗೆ ಗೊಬ್ಬರದ ಗುಂಡಿ ಸೇರುತ್ತವೆ. ಆ ತೀರ್ಪು ಬಹುಪಾಲು ತಪ್ಪು. ಸಸಿಗಳ ಈ ಜೋಡಿ ಬಾಳು ನಮ್ಮ ಕಣ್ಣೆದುರೇ ನಡೆಯುವ ಒಂದು ಅಪರೂಪದ ಸಂಗತಿ. ಕಿತ್ತೆಸೆಯುವ ಮೊದಲು ಅದನ್ನು ಒಮ್ಮೆ ಸರಿಯಾಗಿ ನೋಡಬೇಕು.

ನೋಡುವುದೆಂದರೆ ಮೊದಲು ಬೀಜದೆಲೆಗಳನ್ನು ಎಣಿಸುವುದು. ಬೀಜದೊಳಗೆ ಬೇಳೆಯಾಗಿ ಮಡಚಿಕೊಂಡಿದ್ದು, ಮೊಳೆತ ಮೇಲೆ ಹಸುರಾಗಿ ಬಿಚ್ಚುವ ಮೊದಲ ಜೋಡಿ ಎಲೆಗಳೇ ಬೀಜದೆಲೆಗಳು. ಮೇಲೆ ಹೇಳಿದ ಹೂಗಿಡಗಳಲ್ಲೆಲ್ಲ ಅವು ಎರಡು. ಬುಡದಲ್ಲಿ ನಾಲ್ಕು ಬೀಜದೆಲೆ ಇದ್ದು, ನಡುವೆ ಎರಡು ಬೇರೆಬೇರೆ ಸುಳಿಗಳಿದ್ದರೆ ಅದು ಅವಳಿ. ಮೂರು ಬೀಜದೆಲೆ, ಒಂದೇ ಸುಳಿ ಇದ್ದರೆ ಅವಳಿಯಲ್ಲ, ಮೂರೆಲೆಯ ಒಂಟಿ ಸಸಿ. ಒಂದೇ ಅಗಲವಾದ ಬೀಜದೆಲೆ, ಅದರ ತುದಿ ಸೀಳಿದಂತಿದ್ದರೆ ಎರಡು ಎಲೆ ಬೆಸೆದುಕೊಂಡಿವೆ ಎಂದರ್ಥ. ನಾಲ್ಕು ಬೀಜದೆಲೆ, ಎರಡು ಸುಳಿ, ಆದರೆ ಬುಡದ ಕಾಂಡ ಮಾತ್ರ ಒಂದೇ ಇದ್ದರೆ ಅದು ಸಯಾಮಿ ಅವಳಿ. ನಿಜವಾದ ಎಲೆಗಳು ಬಂದು ಬೀಜದೆಲೆ ಬಾಡಿ ಉದುರಿದ ಮೇಲೆ ಈ ಲೆಕ್ಕ ಸಿಗುವುದಿಲ್ಲ. ಆದ್ದರಿಂದ ನೋಡುವ ಕಾಲ ಮೊದಲ ಹದಿನೈದು ದಿನ ಮಾತ್ರ.

ಇಲ್ಲಿ ಮೋಸ ಹೋಗುವುದಕ್ಕೂ ದಾರಿಗಳಿವೆ. ಕೊತ್ತಂಬರಿ ಬೀಜವನ್ನು ಬಿತ್ತುವ ಮುಂಚೆ ಚಪ್ಪಲಿಯ ತಳದಿಂದಲೋ ಲಟ್ಟಣಿಗೆಯಿಂದಲೋ ಉಜ್ಜಿ ಎರಡು ಹೋಳು ಮಾಡುವುದು ಎಲ್ಲರಿಗೂ ಗೊತ್ತು. ನಾವು ಬೀಜ ಎನ್ನುವ ಆ ಗುಂಡು ನಿಜಕ್ಕೂ ಒಂದು ಕಾಯಿ, ಅದರಲ್ಲಿ ಎರಡು ಬೀಜಗಳಿವೆ. ಒಡೆಯದೆ ಬಿತ್ತಿದರೆ ಎರಡು ಸಸಿ ಒಟ್ಟಿಗೆ ಏಳುತ್ತವೆ. ಬೀಟ್‌ರೂಟಿನ ಒರಟು ‘ಬೀಜ’ವೂ ಹಾಗೆಯೇ ಹಲವು ಬೀಜಗಳ ಗಂಟು. ಇವು ಅವಳಿಗಳಲ್ಲ, ನೆರೆಹೊರೆಯವರು. ಇನ್ನು ಸೂರ್ಯಕಾಂತಿ, ಜಿನಿಯಾಗಳಲ್ಲಿ ಬೀಜದ ಸಿಪ್ಪೆ ಟೋಪಿಯಂತೆ ತಲೆಯ ಮೇಲೇ ಉಳಿದು ಎರಡು ಎಲೆಗಳನ್ನು ಒಟ್ಟಿಗೆ ಹಿಡಿದಿರುತ್ತದೆ. ನೀರು ಚಿಮುಕಿಸಿ ಮೆತ್ತಗಾದ ಮೇಲೆ ಮೆಲ್ಲಗೆ ಬಿಡಿಸಿದರೆ ಎಲೆಗಳು ತಾವಾಗಿ ಬೇರೆಯಾಗುತ್ತವೆ. ಮಡಿಯ ಸಸಿಗಳೆಲ್ಲ ಒಂದೇ ತರಹ ಮುರುಟಿ ಅಂಟಿಕೊಂಡಿದ್ದರೆ ಅದು ಬೇರೆಯೇ ಕಥೆ. ಅಲ್ಲಿ ಕಳೆನಾಶಕದ ಪ್ರಭಾವವನ್ನು ಶಂಕಿಸಬೇಕು, ಮಣ್ಣು ಬದಲಿಸಬೇಕು.

ನಿಜವಾದ ಅವಳಿಯನ್ನು ನೋಡಬೇಕೆಂದರೆ ಕಾಯಬೇಕಾಗಿಲ್ಲ, ಅಡುಗೆಮನೆಗೆ ಹೋದರೆ ಸಾಕು. ಹಣ್ಣಾದ ನಿಂಬೆಯೊಂದನ್ನು ಹೆಚ್ಚಿ, ದಪ್ಪನೆಯ ಬೀಜವೊಂದನ್ನು ತೊಳೆದು, ಉಗುರಿನಿಂದ ಹೊರಸಿಪ್ಪೆ ಸುಲಿಯಿರಿ. ಕೆಳಗಿನ ಕಂದು ಪೊರೆಯನ್ನೂ ತೆಗೆದರೆ ಒಳಗಿರುವುದು ಬರೀ ಎರಡು ಬೇಳೆಯಲ್ಲ ಎಂಬುದು ಕಾಣುತ್ತದೆ. ಒಂದು ದೊಡ್ಡ ಭ್ರೂಣ, ಅದರ ಮಗ್ಗುಲಿಗೆ ಚಿಕ್ಕದೊಂದು, ಮೂಲೆಯಲ್ಲಿ ಇನ್ನೂ ಚಿಕ್ಕದು, ಒಂದೇ ಚಾಪೆಯ ಮೇಲೆ ಒತ್ತರಿಸಿಕೊಂಡು ಮಲಗಿದ ಮಕ್ಕಳ ಹಾಗೆ. ಒಣಗಲು ಬಿಡದೆ ಬಿತ್ತಿದರೆ ಒಂದೇ ಬೀಜದಿಂದ ಎರಡೋ ಮೂರೋ ಸಸಿ ಮೇಲೇಳುವುದನ್ನು ಯಾರು ಬೇಕಾದರೂ ನೋಡಬಹುದು. 1719ರಲ್ಲಿ ಹಾಲೆಂಡಿನ ಆಂಟನಿ ಫಾನ್ ಲೀವನ್‌ಹುಕ್ ತನ್ನ ಕೈಯಾರೆ ಮಾಡಿದ ಸೂಕ್ಷ್ಮದರ್ಶಕಗಳ ಬಲದಿಂದ ಗುರುತಿಸಿದ್ದು ಇದನ್ನೇ. ಅವನು ನೋಡಿದ್ದು ಕಿತ್ತಳೆಯ ಬೀಜವನ್ನು. ಒಂದು ಬೀಜದೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣ ಇರಬಹುದು ಎಂಬ ಮಾತು ದಾಖಲೆಗೆ ಬಂದದ್ದು ಆಗ.

ಈ ಮಕ್ಕಳೆಲ್ಲ ಎಲ್ಲಿಂದ ಬಂದರು ಎಂಬುದು ಗೊತ್ತಾಗಲು ಮತ್ತೆ ನೂರೈವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1878ರಲ್ಲಿ ಎಡುವರ್ಡ್ ಸ್ಟ್ರಾಸ್‌ಬರ್ಗರ್ ಎಂಬ ಸಸ್ಯವಿಜ್ಞಾನಿ ಅದನ್ನು ಬಿಡಿಸಿ ತೋರಿಸಿದ. ಪರಾಗದಿಂದ ಬಂದ ಗಂಡುಕೋಶ ಅಂಡವನ್ನು ಕೂಡಿ ಹುಟ್ಟಿದ ಭ್ರೂಣ ಬೀಜದಲ್ಲಿ ಒಂದೇ. ಉಳಿದವು ಹುಟ್ಟಿದ್ದು ಅಂಡವನ್ನು ಸುತ್ತುವರಿದ ತಾಯಿಯ ಒಡಲಿನ ಕೋಶಗಳಿಂದ. ಅವುಗಳಿಗೆ ತಂದೆಯಿಲ್ಲ. ಅವು ತಾಯಿಗಿಡದ ತದ್ರೂಪುಗಳು, ಕಸಿ ಕಟ್ಟದೆ ಬೀಜದ ಮೂಲಕವೇ ಬಂದ ಕಸಿಗಿಡಗಳು.

ಈ ಒಂದು ಸಂಗತಿಯಲ್ಲಿ ನಮ್ಮ ತೋಟಗಾರಿಕೆಯ ದೊಡ್ಡ ಭಾಗವೇ ಅಡಗಿದೆ. ಕೊಡಗಿನ ಕಿತ್ತಳೆಯನ್ನು ತಲೆಮಾರುಗಳಿಂದ ಕಾಫಿ ತೋಟಗಳಲ್ಲಿ ಬೀಜದಿಂದಲೇ ಬೆಳೆಸಿಕೊಂಡು ಬಂದರು. ಬೀಜದಿಂದ ಬೆಳೆಸಿದರೂ ಹಣ್ಣಿನ ಗುಣ ಕೈಬಿಟ್ಟು ಹೋಗಲಿಲ್ಲ, ಏಕೆಂದರೆ ಮೇಲೆದ್ದ ಸಸಿಗಳಲ್ಲಿ ಬಹುಪಾಲು ತಾಯಿಯ ತದ್ರೂಪುಗಳೇ. ದೇವನಹಳ್ಳಿಯ ಚಕ್ಕೋತ ಅದೇ ನಿಂಬೆಯ ಕುಲದ್ದಾದರೂ ಅದರ ಬೀಜದಲ್ಲಿ ಇರುವುದು ಒಂದೇ ಭ್ರೂಣ, ತಾಯಿ-ತಂದೆ ಇಬ್ಬರಿಗೂ ಪಾಲಿರುವ ಭ್ರೂಣ. ಒಳ್ಳೆಯ ಚಕ್ಕೋತ ತಿಂದು ಅದರ ಬೀಜ ಬಿತ್ತಿದವರಿಗೆ ಅಂಥದೇ ಹಣ್ಣು ಸಿಗುತ್ತದೆಂಬ ಖಾತರಿಯಿಲ್ಲ. ಮಾವಿನಲ್ಲೂ ಇದೇ ಭೇದ. ಬಾದಾಮಿ ಮಾವಿನ ವಾಟೆಯಲ್ಲಿ ಒಂದೇ ಭ್ರೂಣ, ಅದಕ್ಕೇ ಅದನ್ನು ಕಸಿ ಕಟ್ಟಿಯೇ ಬೆಳೆಸಬೇಕು. ಕರಾವಳಿಯ ನೆಕ್ಕರೆ ಮಾವಿನ ವಾಟೆಯಿಂದ ಹಲವು ಸಸಿಗಳು ಏಳುತ್ತವೆ. ನೇರಳೆಯ ಬೀಜದ್ದೂ ಇದೇ ಗುಣ. 2017ರಲ್ಲಿ ಚೀನಾದ ವಿಜ್ಞಾನಿಗಳು ನಿಂಬೆ-ಕಿತ್ತಳೆಗಳ ಈ ಗುಣದ ಬೇರನ್ನು ಒಂದು ವಂಶವಾಹಿಯ ಪಕ್ಕದಲ್ಲಿ ಕಂಡರು. ಡಿಎನ್‌ಎಯ ಚಿಕ್ಕದೊಂದು ಅಲೆಮಾರಿ ತುಣುಕು ಆ ವಂಶವಾಹಿಯ ಹತ್ತಿರ ಬಂದು ಕೂತಿತ್ತು. ಅದು ಕೂತ ಮರಗಳಲ್ಲಿ ಬಹುಭ್ರೂಣ, ಕೂರದ ಮರಗಳಲ್ಲಿ ಒಂಟಿ ಭ್ರೂಣ.

ಹಾಗಾದರೆ ಕುಂಡದಲ್ಲಿ ಎದ್ದ ಎರಡು ನಿಂಬೆ ಸಸಿಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು? ತಾಯಿಯ ಹಣ್ಣೇ ಬೇಕೆಂದರೆ ದಪ್ಪನಾಗಿ ಚುರುಕಾಗಿ ಬೆಳೆಯುವುದನ್ನು ಉಳಿಸಿಕೊಳ್ಳಿ. ಗುಂಪಿನಲ್ಲಿ ಉಳಿದವುಗಳಿಂದ ಭಿನ್ನವಾಗಿ ಕಾಣುವುದು, ಬಹುಮಟ್ಟಿಗೆ ಸೊರಗಿರುವುದು ಪರಾಗದಿಂದ ಹುಟ್ಟಿದ ಸಸಿಯಾಗಿರುವ ಸಂಭವ ಹೆಚ್ಚು. ನರ್ಸರಿಯವರು ಅದನ್ನು ಕಿತ್ತು ಹಾಕುತ್ತಾರೆ, ಅವರಿಗೆ ಒಂದೇ ಬಗೆಯ ಗಿಡಗಳು ಬೇಕು. ಆದರೆ ಜಾಗವಿದ್ದರೆ ಮನೆಯವರು ಅದನ್ನು ಬೇರೆ ಕುಂಡದಲ್ಲಿ ನೆಡಬೇಕೆಂಬುದು ನನ್ನ ಆಸೆ. ಇಡೀ ಬೀಜದಲ್ಲಿ ಹೊಸದೆನ್ನುವುದೇನಾದರೂ ಇದ್ದರೆ ಅದು ಆ ಬಡಕಲು ಸಸಿಯಲ್ಲೇ.

ಭ್ರೂಣ ಹೆಚ್ಚಾಗುವುದಕ್ಕೆ ಇದೊಂದೇ ದಾರಿಯಲ್ಲ. ಅಂಡದಿಂದ ಹುಟ್ಟಿದ ಭ್ರೂಣವೇ ಎಳವೆಯಲ್ಲಿ ಒಡೆದು ಎರಡಾಗಬಹುದು. ಇದನ್ನು ಹೂಗಿಡಗಳಲ್ಲಿ ವಿವರವಾಗಿ ಬಿಡಿಸಿಟ್ಟವರಲ್ಲಿ ನಮ್ಮವರೊಬ್ಬರಿದ್ದಾರೆ. ‘ಹಸುರು ಹೊನ್ನು’ ಓದಿದವರಿಗೆಲ್ಲ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಆಪ್ತರು. ಅವರ ನಗೆಮಾತು ಹೆಚ್ಚು ಮಂದಿಗೆ ಗೊತ್ತು, ಅವರ ಸಂಶೋಧನೆ ಕಡಿಮೆ ಮಂದಿಗೆ ಗೊತ್ತು. ಸ್ವಾಮಿಯವರು ಆರ್ಕಿಡ್‌ಗಳ ಭ್ರೂಣಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. 1943ರಲ್ಲಿ ಅವರು ಯೂಲೋಫಿಯಾ ಎಂಬ ಆರ್ಕಿಡ್ಡಿನ ಒಂದು ಜಾತಿಯಲ್ಲಿ ಕಂಡದ್ದನ್ನು ಪ್ರಕಟಿಸಿದರು. ಅಲ್ಲಿ ಫಲಿತ ಅಂಡ ಕೆಲವೊಮ್ಮೆ ಕ್ರಮವಿಲ್ಲದೆ ಒಡೆದು ಕೋಶಗಳ ಗುಡ್ಡೆಯಾಗುತ್ತದೆ, ಅದರಿಂದ ಹಲವು ಭ್ರೂಣಗಳು ಏಳುತ್ತವೆ. ಕೆಲವೊಮ್ಮೆ ಎಳೆಯ ಭ್ರೂಣದ ಮೈಮೇಲೆ ಮೊಗ್ಗಿನಂತೆ ಇನ್ನೊಂದು ಮೂಡುತ್ತದೆ. ಮತ್ತೆ ಕೆಲವೊಮ್ಮೆ ದಾರದಂತಿರುವ ಭ್ರೂಣ ಕವಲೊಡೆದು, ಪ್ರತಿ ಕವಲೂ ಒಂದೊಂದು ಭ್ರೂಣವಾಗುತ್ತದೆ. ಈ ಮೂರು ಬಗೆಗಳೂ ಭ್ರೂಣವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿನೊಂದಿಗೇ ಇಂದಿಗೂ ಇವೆ. ಪಂಚಾನನ ಮಹೇಶ್ವರಿ 1950ರಲ್ಲಿ ಬರೆದ, ಜಗತ್ತೇ ಬಳಸಿದ ಭ್ರೂಣವಿಜ್ಞಾನದ ಪುಸ್ತಕವನ್ನೂ ಸೇರಿಸಿಕೊಂಡರೆ, ಅವಳಿ ಸಸಿಗಳ ತಿಳಿವಿಗೆ ಭಾರತೀಯರ ಕೊಡುಗೆ ಸಣ್ಣದಲ್ಲ. ನಮ್ಮ ಕಾಲೇಜುಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುವವರು ಇನ್ನಷ್ಟು ಬೇಕು.

ಇಷ್ಟು ಹೇಳಿದ ಮೇಲೆ ಸಹಜವಾಗಿ ಏಳುವ ಪ್ರಶ್ನೆ ಒಂದಿದೆ. ಇಷ್ಟೆಲ್ಲ ಕೋಶಗಳಿಗೆ ಭ್ರೂಣವಾಗುವ ಶಕ್ತಿ ಇದ್ದರೆ, ಹೆಚ್ಚಿನ ಹೂಗಿಡಗಳಲ್ಲಿ ಒಂದು ಬೀಜಕ್ಕೆ ಒಂದೇ ಸಸಿ ಏಕೆ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆರಗು ತರುವುದು ಇದರ ಉತ್ತರವೇ. ಬೀಜದೊಳಗೆ ಎಳೆಯ ಭ್ರೂಣ ಒಂದು ತೊಟ್ಟಿನ ತುದಿಗೆ ತೂಗಿಕೊಂಡಿರುತ್ತದೆ. ಆ ತೊಟ್ಟೂ ಅದೇ ಫಲಿತ ಅಂಡದಿಂದಲೇ ಹುಟ್ಟಿದ್ದು. ಭ್ರೂಣಕ್ಕೆ ಆಹಾರ ಸಾಗಿಸಿ, ಕೆಲಸ ಮುಗಿದ ಮೇಲೆ ಅದು ಸಾಯುತ್ತದೆ. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ, ಅವಳಿ ಸಸಿಗಳನ್ನು ಹುಟ್ಟಿಸುವ ಒಂದು ರೂಪಾಂತರವನ್ನು ಅಮೆರಿಕದ ವಿಜ್ಞಾನಿಗಳು 1994ರಲ್ಲಿ ವಿವರಿಸಿದರು. ಅಲ್ಲಿ ಎರಡನೆಯ ಸಸಿ ಹುಟ್ಟಿದ್ದು ಸಾಯಬೇಕಾಗಿದ್ದ ಆ ತೊಟ್ಟಿನಿಂದ. 2015ರಲ್ಲಿ ಬೇರೆ ಸಂಶೋಧಕರು ಅದೇ ಗಿಡದ ಸಹಜ ಭ್ರೂಣವನ್ನು ಲೇಸರ್ ಕಿರಣದಿಂದ ಕೊಂದು ನೋಡಿದರು. ಭ್ರೂಣ ಸತ್ತ ಮೇಲೆ ತೊಟ್ಟಿನ ಕೋಶಗಳು ತಾವೇ ಭ್ರೂಣವಾಗತೊಡಗಿದವು.

ಅಂದರೆ ಜೀವಂತವಾಗಿರುವ ಭ್ರೂಣವೇ ತನ್ನ ತೊಟ್ಟಿನ ಕೋಶಗಳನ್ನು ಸುಮ್ಮನಿರಿಸುತ್ತದೆ. ಒಂದು ಬೀಜ ಒಂದೇ ಗಿಡವಾಗುವುದು ತಂತಾನೇ ನಡೆದುಹೋಗುವ ಸಂಗತಿಯಲ್ಲ. ಅದನ್ನು ಭ್ರೂಣ ಗಳಿಗೆಗಳಿಗೆಗೂ ನಡೆಸಿಕೊಂಡು ಹೋಗಬೇಕು. ಆ ಹಿಡಿತ ತುಸು ಸಡಿಲವಾದಲ್ಲಿ ಅವಳಿ ಹುಟ್ಟುತ್ತದೆ. ಆದ್ದರಿಂದ ಅವಳಿ ಸಸಿಯನ್ನು ಕೆಟ್ಟ ಬೀಜ ಎನ್ನುವುದು ಸರಿಯಲ್ಲ. ಪ್ರತಿ ಸಸಿಯ ಹಿಂದೆಯೂ ಅಡಗಿರುವ ವ್ಯವಸ್ಥೆಯನ್ನು ನಮಗೆ ಹೊರಗೆ ತೆರೆದು ತೋರಿಸುವುದು ಅದೇ.

ಅವಳಿಯಲ್ಲಿ ಇನ್ನೊಂದು ಬಗೆಯಿದೆ, ಅದು ಹಿತ್ತಲಿನ ಮೆಣಸಿನಕಾಯಿ ಮಡಿಯಲ್ಲಿ ಸಿಗಬಹುದು. ಅಂಡದ ಪಕ್ಕದಲ್ಲಿ ಅದಕ್ಕೆ ನೆರವಾಗುವ ಎರಡು ಕೋಶಗಳಿರುತ್ತವೆ. ಎಂದೋ ಒಮ್ಮೆ ಅವುಗಳಲ್ಲೊಂದು ಪರಾಗದ ಹಂಗಿಲ್ಲದೆ ಭ್ರೂಣವಾಗಿಬಿಡುತ್ತದೆ. ಆಗ ಒಂದೇ ಬೀಜದಿಂದ ಏಳುವ ಇಬ್ಬರಲ್ಲಿ ಒಬ್ಬರಿಗೆ ಮೆಣಸಿನ ಪೂರ್ತಿ 24 ವರ್ಣತಂತುಗಳು, ಇನ್ನೊಬ್ಬರಿಗೆ ಅರ್ಧ, ಅಂದರೆ 12 ಮಾತ್ರ. ಅರ್ಧದ ಸಸಿ ಕುಳ್ಳು, ಎಲೆ ಚಿಕ್ಕದು, ಹೂ ಬಿಟ್ಟರೂ ಬೀಜ ಕಟ್ಟುವುದು ಕಷ್ಟ. ಮನೆಯವರ ಕಣ್ಣಿಗೆ ಅದು ಕೈಲಾಗದ ಗಿಡ. ತಳಿವಿಜ್ಞಾನಿಗೆ ಅದು ನಿಧಿ. ಕಾಲ್ಚಿಸಿನ್ ಎಂಬ ಔಷಧಿಯಿಂದ ಅದರ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರೆ ಏಳೆಂಟು ತಲೆಮಾರು ಆಯ್ದು ಬೆಳೆಸಿ ಪಡೆಯಬೇಕಾದ ಶುದ್ಧ ತಳಿ ಒಂದೇ ಹೆಜ್ಜೆಗೆ ದೊರೆಯುತ್ತದೆ. ಅಗಸೆಯಲ್ಲೂ ಇಂಥ ಅವಳಿಗಳು ಹೆಸರುವಾಸಿ. ಹೂಬಿಡುವ ಗಿಡಗಳಲ್ಲಿ ಅರ್ಧ ವರ್ಣತಂತುಗಳ ಗಿಡ ಮೊದಲು ಸಿಕ್ಕಿದ್ದು ನಮ್ಮ ಉಮ್ಮತ್ತಿಯ ಹತ್ತಿರದ ಬಂಧುವಾದ ಇನ್ನೊಂದು ದತ್ತೂರ ಜಾತಿಯಲ್ಲಿ, 1922ರಲ್ಲಿ, ಅಮೆರಿಕದಲ್ಲಿ.

ಇನ್ನು ಬೆಸೆದುಕೊಂಡ ಎಲೆಗಳ ವಿಷಯ. ಭ್ರೂಣ ಮೊದಲು ಗುಂಡಗಿರುತ್ತದೆ. ಆ ಗುಂಡಿನ ನೆತ್ತಿಯಲ್ಲಿ ಎದುರುಬದುರಾಗಿ ಎರಡು ಉಬ್ಬುಗಳು ಎದ್ದಾಗ ಅವು ಬೀಜದೆಲೆಗಳಾಗುತ್ತವೆ, ನಡುವೆ ಉಳಿದ ತಗ್ಗು ಸುಳಿಯಾಗುತ್ತದೆ. ಎರಡೇ ಕಡೆ ಉಬ್ಬಬೇಕು, ಸುತ್ತ ಎಲ್ಲ ಕಡೆ ಉಬ್ಬಬಾರದು ಎಂದು ತಿಳಿಸುವುದು ಆಕ್ಸಿನ್ ಎಂಬ ಹಾರ್ಮೋನು. ಕೋಶದಿಂದ ಕೋಶಕ್ಕೆ ಅದು ಗೊತ್ತಾದ ದಿಕ್ಕಿನಲ್ಲಿ ಹರಿಯುತ್ತದೆ. 1993ರಲ್ಲಿ ವಿಜ್ಞಾನಿಗಳು ನಮ್ಮ ಒಗ್ಗರಣೆಯ ಸಾಸಿವೆಯ ಗುಂಪಿಗೇ ಸೇರಿದ ಭಾರತೀಯ ಸಾಸಿವೆಯ ಎಳೆ ಭ್ರೂಣಗಳನ್ನು ಹೊರತೆಗೆದು, ಆಕ್ಸಿನ್ ಹರಿಯದಂತೆ ತಡೆಯುವ ರಾಸಾಯನಿಕದ ಜೊತೆ ಬೆಳೆಸಿದರು. ಎರಡು ಬೇರೆ ಎಲೆಗಳ ಬದಲು ಸುತ್ತಲೂ ಒಂದೇ ಕೊರಳಪಟ್ಟಿಯಂಥ ಬೀಜದೆಲೆ ಬಂತು. ನಮ್ಮ ಕುಂಡದಲ್ಲಿ ಎಂದೋ ಕಾಣುವ ಬಟ್ಟಲು ಸಸಿಯ ರೂಪವೇ ಅದು.

ತಾರಸಿ ತೋಟದವರ ಮೆಚ್ಚಿನ ಪೆಟೂನಿಯಾಕ್ಕೂ ಈ ಕಥೆಯಲ್ಲಿ ಪಾತ್ರವಿದೆ. ಅಂಗ ಮತ್ತು ಅಂಗದ ನಡುವೆ ಗಡಿ ಹಾಕುವ ಒಂದು ವಂಶವಾಹಿಯನ್ನು 1996ರಲ್ಲಿ ಪೆಟೂನಿಯಾದಲ್ಲಿಯೇ ಗುರುತಿಸಿದರು. ಆ ವಂಶವಾಹಿ ಕೆಟ್ಟ ಸಸಿಗಳಲ್ಲಿ ಬೀಜದೆಲೆಗಳು ಬೆಸೆದುಕೊಳ್ಳುತ್ತವೆ, ಸುಳಿಯೇ ಇರುವುದಿಲ್ಲ. ಹೆಚ್ಚಿನವು ಎಳೆಯದರಲ್ಲೇ ಸಾಯುತ್ತವೆ. ಅಪರೂಪಕ್ಕೆ ಒಂದು ಚಿಗುರು ಹೇಗೋ ಪಾರಾಗಿ ಬಂದು ಹೂ ಬಿಟ್ಟರೆ ಆ ಹೂವಿನ ಭಾಗಗಳ ಎಣಿಕೆಯೇ ಬದಲಾಗಿರುತ್ತದೆ. ಆದ್ದರಿಂದ ಬಟ್ಟಲಿನಂಥ ಸಸಿ ಸಿಕ್ಕರೆ ಕೆಲವು ವಾರ ತಾಳ್ಮೆ ಇರಲಿ. ಸುಳಿ ಒಳಗೆ ಸಿಕ್ಕಿಬಿದ್ದಿದ್ದರೆ ಬದಿಯನ್ನು ಸೀಳಿಕೊಂಡು ಹೊರಬರಬಹುದು. ಸುಳಿಯೇ ಇಲ್ಲದಿದ್ದರೆ ಬೀಜದೆಲೆಯಲ್ಲೇ ನಿಂತು ಬಾಡುತ್ತದೆ.

ಮೂರೆಲೆಯ ಸಸಿಗಳು ಇಷ್ಟು ಗಂಭೀರವಲ್ಲ, ಅವು ಚೆನ್ನಾಗಿಯೇ ಬದುಕುತ್ತವೆ. ಜಿನಿಯಾದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಬರುವುದು ವಾಡಿಕೆ. ಮೂರೆಲೆಯ ಜಿನಿಯಾ ಕೆಲವು ಗಿಣ್ಣುಗಳವರೆಗೆ ಮೂರುಮೂರು ಎಲೆ ಇಡುತ್ತಾ ಹೋಗಿ, ಎಷ್ಟೋ ಸಲ ಮತ್ತೆ ಎರಡಕ್ಕೆ ಮರಳುತ್ತದೆ. ಮೂರು ಉಳಿದಷ್ಟು ಕಾಲ ಕವಲುಗಳೂ ಮೂರು, ಗಿಡ ಪೊದೆಯಾಗಿ ಕಾಣುತ್ತದೆ. ಆನುವಂಶಿಕತೆಯ ಬಗ್ಗೆ ಮೆಂಡೆಲ್ ಬರೆದಿದ್ದ, ಮರೆತುಹೋಗಿದ್ದ ಪ್ರಬಂಧವನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬನಾದ ಹ್ಯೂಗೊ ಡಿ ಫ್ರೀಸ್ ಇಂಥ ಸಸಿಗಳ ಹಿಂದೆ ಬಿದ್ದವನು. ಹಲವು ಗಿಡಗಳ ಮೂರೆಲೆಯ ಸಸಿಗಳನ್ನು ಆಯ್ದು, ಅವುಗಳ ಬೀಜವನ್ನೇ ಬಿತ್ತುತ್ತಾ ಹೋದ. ಮೂರೆಲೆಯವರ ಪ್ರಮಾಣ ಏರಿತು, ಆದರೆ ಎರಡೆಲೆಯವರು ಹುಟ್ಟುವುದು ನಿಲ್ಲಲಿಲ್ಲ. ಬೀಜದೆಲೆಗಳು ಬೆಸೆದುಕೊಂಡ ಸೂರ್ಯಕಾಂತಿಯ ತಳಿಯೊಂದನ್ನೂ ಅವನು ಬೆಳೆಸಿಕೊಂಡಿದ್ದ.

ಸಯಾಮಿ ಅವಳಿಗಳ ವಿಚಾರದಲ್ಲಿ ಕೈಯ ಕೆಲಸದ ಎರಡು ಮಾತು. ಇಕ್ಕಟ್ಟಾದ ಬೀಜದೊಳಗೆ ಎರಡು ಭ್ರೂಣ ಒತ್ತಿಕೊಂಡು ಬೆಳೆದಾಗ ಅವುಗಳ ಕಾಂಡಗಳು ಕೂಡಿಕೊಳ್ಳಬಹುದು. ಒಂದೇ ಭ್ರೂಣ ಪೂರ್ತಿ ಒಡೆಯದೆ ಅರ್ಧಕ್ಕೆ ನಿಂತಾಗಲೂ ಹಾಗೆಯೇ ಕಾಣುತ್ತದೆ. ಬೇರುಗಳು ಎರಡಿದ್ದು ಸುಮ್ಮನೆ ಹೆಣೆದುಕೊಂಡಿದ್ದರೆ, ಮೊದಲ ಜೋಡಿ ನಿಜವಾದ ಎಲೆ ಬಂದಾಗ ಮಣ್ಣುಸಮೇತ ಎತ್ತಿ ನೀರಿನಲ್ಲಿ ಅದ್ದಿ ನಿಧಾನವಾಗಿ ಬಿಡಿಸಬಹುದು. ಕಾಂಡವೇ ಒಂದಾಗಿದ್ದರೆ ಸೀಳಲು ಹೋಗಬೇಡಿ, ಎರಡೂ ಸಾಯುತ್ತವೆ. ಒಂದನ್ನು ಮಾತ್ರ ಉಳಿಸಬೇಕಾದರೆ ಇನ್ನೊಂದನ್ನು ಎಳೆದು ಕೀಳದೆ ಕತ್ತರಿಯಿಂದ ಮೇಲೆಯೇ ಕತ್ತರಿಸಿ. ಅಡೇನಿಯಂ ಬೆಳೆಸುವವರಿಗಂತೂ ಈ ಚಿಂತೆಯೇ ಬೇಡ. ಅದರ ಬುಡ ಉಬ್ಬುತ್ತಾ ಹೋದಂತೆ ಜೋಡಿ ಕಾಂಡಗಳು ತಾವೇ ಸೇರಿಕೊಂಡು ಒಂದೇ ಗಡ್ಡೆಯಾಗುತ್ತವೆ. ಕೆಲವರು ಬೇಕೆಂದೇ ಹಲವು ಸಸಿಗಳನ್ನು ಕಟ್ಟಿ ಒಂದು ಬುಡ ಮಾಡುವುದೂ ಉಂಟು.

ಎಳೆಯದರಲ್ಲಿ ಸರಿಯಾಗಿದ್ದು, ಬೆಳೆದ ಮೇಲೆ ಕಾಂಡ ಪಟ್ಟಿಯಂತೆ ಚಪ್ಪಟೆಯಾಗಿ ಹೂಗಳು ಸಾಲುಗಟ್ಟಿದರೆ ಅದನ್ನು ಅವಳಿಯೆಂದು ತಿಳಿಯಬೇಡಿ. ಅಲ್ಲಿ ಕೂಡಿಕೊಂಡವರು ಇಬ್ಬರಲ್ಲ. ಒಂದೇ ಸುಳಿಯ ಬೆಳೆಯುವ ಬಿಂದು ಗೆರೆಯಾಗಿ ಹರಡಿದೆ. ಕೋಳಿಜುಟ್ಟಿನ ಹೂವಿನ ಚೆಲುವೆಲ್ಲ ಈ ಗುಣದ್ದೇ, ಅಲ್ಲಿ ಅದು ಬೀಜದಿಂದ ಬೀಜಕ್ಕೆ ಇಳಿದು ಬರುತ್ತದೆ. ಮೆಂಡೆಲನ ಬಟಾಣಿಯಲ್ಲಿ ತುದಿಯಲ್ಲೇ ಹೂ ಬಿಡುವ ಗಿಡಗಳೂ ಇಂಥವೇ ಆಗಿದ್ದವು. ದಪ್ಪ ಟೊಮೆಟೊಗಳ ಹಲವು ಕೋಣೆಗಳ ಹಿಂದೆಯೂ ಬೆಳೆಯುವ ತುದಿ ಹಿಗ್ಗಿದ ಕಥೆಯಿದೆ. ಜೋಡಿ ಬಾಳೆಹಣ್ಣು ತಿಂದ ಬಸುರಿಗೆ ಅವಳಿ ಮಕ್ಕಳಾಗುತ್ತವೆ ಎಂದು ನಮ್ಮಲ್ಲಿ ಹೇಳುವುದಿದೆ. ಹಾಗೇನೂ ಆಗುವುದಿಲ್ಲ. ಹಣ್ಣಿನ ಬೆಸುಗೆ ಹಣ್ಣಿನಲ್ಲೇ ಮುಗಿಯಿತು, ಯಾರು ಬೇಕಾದರೂ ಧೈರ್ಯವಾಗಿ ತಿನ್ನಬಹುದು.

ಓದುಗರಲ್ಲಿ ನನ್ನದೊಂದು ಕೋರಿಕೆ. ಈ ಸಲ ಮೂರೆಲೆಯ ಜಿನಿಯಾ ಸಿಕ್ಕರೆ ಅದರ ಬುಡಕ್ಕೆ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿ. ಮೊಗ್ಗು ಬಿರಿಯುವ ಮುಂಚೆ ತೆಳುವಾದ ಬಟ್ಟೆಯ ಚೀಲ ಕಟ್ಟಿದರೆ ಜೇನುನೊಣ ಬೇರೆ ಗಿಡದ ಪರಾಗ ತರುವುದಿಲ್ಲ. ಚೀಲದೊಳಗಿನ ಹೂವನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ. ಬಂದ ಬೀಜ ಕಡಿಮೆಯಾದರೂ ಬೇರೆ ಪೊಟ್ಟಣದಲ್ಲಿಡಿ, ಮುಂದಿನ ವರ್ಷ ಬೇರೆ ತಟ್ಟೆಯಲ್ಲಿ ಬಿತ್ತಿ, ಎಷ್ಟು ಸಸಿಗೆ ಮೂರೆಲೆ ಬಂತು ಎಂದು ಎಣಿಸಿ ಬರೆದಿಡಿ. ಮೆಣಸಿನಲ್ಲಿ ಒಂದೇ ಬೀಜದ ದೊಡ್ಡ-ಸಣ್ಣ ಅವಳಿ ಕಂಡರೆ ಸಣ್ಣದನ್ನು ಕೀಳಬೇಡಿ, ಬೇರೆ ಕುಂಡಕ್ಕೆ ಹಾಕಿ, ಹತ್ತಿರದ ಕೃಷಿ ಅಥವಾ ತೋಟಗಾರಿಕೆ ಕಾಲೇಜಿನವರಿಗೆ ತೋರಿಸಿ. ಶಾಲೆಯ ಮೇಷ್ಟ್ರುಗಳೇ, ಟೀಚರುಗಳೇ, ಭ್ರೂಣದ ಪಾಠ ಮಾಡುವ ದಿನ ಒಂದು ನಿಂಬೆಹಣ್ಣನ್ನೂ ಒಂದು ಚಕ್ಕೋತವನ್ನೂ ತರಗತಿಗೆ ಒಯ್ದು, ಎರಡರ ಬೀಜವನ್ನೂ ಮಕ್ಕಳ ಕೈಯಲ್ಲೇ ಸುಲಿಸಿ, ಒಳಗಿನ ಭ್ರೂಣಗಳನ್ನು ಎಣಿಸಲು ಹೇಳಿ.